ಗ್ರೈಂಡರಿನ ಮುಂದೆ ಪುಷ್ಪಾವತಿ

ಡೊಂಬಿವಲಿ, ೨೧ ಫೆಬ್ರುವರಿ, ಶನಿವಾರ

ಮಾನಸಿಗೆ ಇವತ್ತೂ ಹೂಂ ಅನ್ನಲಿಲ್ಲ. ನಮ್ಮಂಥ ಮಾಜಿ ಸೈನಿಕರಿಗೆ ಪ್ರತಿ ಶನಿವಾರ ಚಿತ್ರ ಕಲಿಸುವ ಹುಡುಗಿ. ಕ್ಲಾಸಿಗೆ ಪಾಲಿಕೆಯ ನೆರವು ಮುಂದುವರಿಯುತ್ತದೋ ಇಲ್ಲವೋ, ಸೋಮವಾರ ತೀರ್ಮಾನವಂತೆ. "ಅಂಕಲ್, ಬರೀ ಅರ್ಜಿ ಓದಿ ಸಾಹೇಬರು ಕರಗಲ್ಲ. ನೀವು ಬರೆದ ಆಂಟಿಯ ಚಿತ್ರ ಕೊಡಿ ನಾ, ಪ್ಲೀಸ್" ಎಂದಳು.

ಯುದ್ಧದಿಂದ ಬಂದ ಮೇಲೆ ಪಟಾಕಿ ಸದ್ದಿಗೆ ನಾನು ಮಂಚದಡಿ ಸೇರುತ್ತಿದ್ದೆ. ನನ್ನ ಹೆಂಡತಿ ಪುಷ್ಪಾವತಿ ದೀಪಾವಳಿಯ ಸಂಜೆಯಿಡೀ ಗ್ರೈಂಡರ್ ಓಡಿಸುತ್ತಿದ್ದಳು. "ಅದು ಪಟಾಕಿ ಅಲ್ಲ ಮಾರಾಯ್ರೆ, ನಮ್ಮ ಅಕ್ಕಿ" ಎನ್ನುತ್ತಿದ್ದಳು. ಆಮೇಲೆ ವಾರವಿಡೀ ನೀರುದೋಸೆ! ಅವಳು ಹೋಗಿ ನಾಲ್ಕು ವರ್ಷವಾದ ಮೇಲೆ ಅದನ್ನೇ ಕ್ಲಾಸಿನಲ್ಲಿ ಬರೆದೆ: ಗ್ರೈಂಡರ್, ಅದರ ಮುಂದೆ ಅವಳ ಬೆನ್ನು. ಆ ವಾರ ಚೆನ್ನಾಗಿ ನಿದ್ದೆ ಬಂತು. ನಮ್ಮಿಬ್ಬರ ಗುಟ್ಟು ಆಫೀಸಿನ ಮೇಜಿಗೇಕೆ ಎಂದು ನನ್ನ ಹಠ.

ಬದಲಿಗೆ ಅರ್ಜಿಯನ್ನೇ ಚೆನ್ನಾಗಿ ಬರೆಯೋಣವೆಂದು ಕೂತೆ. ಕಾಲೇಜಿನ ಇಂಗ್ಲಿಷು "ಐ ಬೆಗ್ ಟು ಸ್ಟೇಟ್" ಎಂಬಲ್ಲಿಗೆ ನಿಂತಿತು. ಮುಂದೆ ಏನಿತ್ತೋ, ಕಲಿಸಿದವರ ಮೀಸೆ ಮಾತ್ರ ನೆನಪಿದೆ.

ಕೊನೆಗೆ ಚಿತ್ರವನ್ನು ಗೋಡೆಯಿಂದ ಇಳಿಸಿ ಚೀಲಕ್ಕೆ ಹಾಕಿದೆ. ಕೊಡಲೇಬೇಕು, ಪುಷ್ಪಾ. ಕ್ಲಾಸು ಉಳಿಯಬೇಕು. ಬೆನ್ನಷ್ಟೇ ಬಂದಿದೆ, ನಿನ್ನ ಮುಖ ಬರುವುದಕ್ಕೆ ಇನ್ನೂ ಎಷ್ಟು ಶನಿವಾರ ಬೇಕೋ...