ಅಮ್ಮನ ವಾಲಿದ ಮಣೆ

ಕಾಮಯಗೌಂಡನ್‌ಪಟ್ಟಿ
1897 ಜನವರಿ 23, ದುರ್ಮುಖಿ ವರ್ಷದ ತೈ ತಿಂಗಳು

ಪ್ರೀತಿಯ ತಮ್ಮ ಮಾಯಾಂಡಿಗೆ,

ಕ್ಷೇಮ ಕೇಳುವ ಮೊದಲು ನಡೆದ ಅನ್ಯಾಯವನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಕ್ಷರ ನೆಟ್ಟಗೆ ಬೀಳುವುದಿಲ್ಲ. ಕಳೆದ ಮಾರ್ಗಳಿ ಹತ್ತರಂದು ದಿಂಡಿಗಲ್ಲಿನ ಕೈಕಸುಬಿನ ಪ್ರದರ್ಶನದಲ್ಲಿ ದುರೈ ಮೇಸ್ತ್ರಿ ನಮ್ಮ ಅಮ್ಮನ ಉಳಿ ಮಸೆಯುವ ವಿದ್ಯೆಯನ್ನು ತನ್ನದೆಂದು ತೋರಿಸಿ ಬೆಳ್ಳಿ ಪದಕ ಪಡೆದ. ಈಗ ಹೇಳು, ಚೆನ್ನಾಗಿದ್ದೀಯಾ? ಆ ಕಂಡಿ ಬೆಟ್ಟದ ಚಳಿಗೆ ಕೆಮ್ಮು ಹೆಚ್ಚಿತೇ? ಟೀ ತೋಟದ ಮರಗೆಲಸ ಹೇಗೆ ನಡೆದಿದೆ? ಅಮ್ಮ ಗಟ್ಟಿಯಾಗಿದ್ದಾಳೆ. ನಾನು ಬರೆಯಲು ಕೂತಾಗೆಲ್ಲ "ವೇಳೆಗೆ ಉಣ್ತಾನಾ ಅಂತ ಕೇಳಪ್ಪಾ" ಅನ್ನುತ್ತಾಳೆ. ಕೇಳಿದ್ದೇನೆ.

ನನ್ನ ನೆನಪು ನಿನಗೆ ಗೊತ್ತು. ಇಪ್ಪತ್ತೊಂದು ವರ್ಷದ ಹಿಂದೆ, ಯುವ ವರ್ಷದ ಆವಣಿ ತಿಂಗಳಲ್ಲಿ, ಅಪ್ಪ ನೇಗಿಲು ಕೆತ್ತುತ್ತಿದ್ದಾಗ ಸಾಣೆಕಲ್ಲು ಎರಡು ಹೋಳಾಯಿತು. ಹೊಸ ಕಲ್ಲು ಬರುವವರೆಗೆ ಉಳಿ ಮುಟ್ಟಬೇಡ ಎಂದಿತು ಊರು. ಅಮ್ಮ ಉಳಿಯನ್ನು ಮೊದಲು ಮಡಕೆಯ ಒರಟು ತಳಕ್ಕೆ ಉಜ್ಜಿದಳು. ಆಮೇಲೆ ಹಲ್ಲುಜ್ಜಲು ಇಟ್ಟಿದ್ದ ಉಮಿಯ ಬೂದಿಯನ್ನು ಹಳೆ ಸೀರೆಯಲ್ಲಿ ಸೋಸಿ, ಹರಳೆಣ್ಣೆಯಲ್ಲಿ ಕಲಸಿ, ಕಾಲು ಮುರಿದ ಹಲಸಿನ ಮಣೆಗೆ ಬಳಿದು, ಅದರ ಮೇಲೆ ಉಳಿಯನ್ನು ತನ್ನ ಕಡೆಗೆ ಎಳೆದಳು, ಐವತ್ತು ಸಲ. ಅಪ್ಪ ಮುಂಗೈ ಮೇಲೆ ಸವರಿ ನೋಡಿದರು, ಕೂದಲು ಉದುರಿತು. ಹೊಸ ಕಲ್ಲನ್ನು ಅವರು ಮತ್ತೆ ಕೇಳಲೇ ಇಲ್ಲ.

ಈ ದುರೈ ನಾಲ್ಕು ವರ್ಷದ ಹಿಂದೆ ನಮ್ಮ ಕೊಟ್ಟಿಗೆಗೆ ಸೂರು ಹಾಕಲು ಬಂದವನು. "ಏನ್ ಆತ್ತಾ, ಉಳಿಗೂ ಪಲ್ಲು ಉಜ್ತೀಯಾ?" ಎಂದು ಎಲ್ಲರೆದುರು ನಕ್ಕ. "ಆಮಾ, ಹೌದು, ನಿನ್ನ ಉಳಿ ಬಾಯಿ ನಾರ್ತದೆ, ಕೊಡಿಲ್ಲಿ" ಎಂದಳು ಅಮ್ಮ. ಮರುದಿನದಿಂದ ಅವನು ಅದೇ ಮಣೆಯ ಮುಂದೆ ಕೂತ.

ದಿಂಡಿಗಲ್ಲಿಗೆ ನಾನೇ ಹೋಗಿ ನೋಡಿದೆ. ಅವನ ಮಣೆಗೆ ತೇಗದ ಹೊಸ ಹಲಗೆ, ಸುತ್ತ ಹಿತ್ತಾಳೆ ಪಟ್ಟಿ, ಮೂರು ಕಾಲು ಎತ್ತರ, ಒಂದು ಗಿಡ್ಡ. "ಈ ವಾಟದಲ್ಲೇ ಇದೆ ಸೂಕ್ಷ್ಮ" ಎಂದು ತೀರ್ಪುಗಾರರಿಗೆ ವಿವರಿಸುತ್ತಿದ್ದ. ನಾನು ಜೋರಾಗಿ ನಕ್ಕುಬಿಟ್ಟೆ, ಆಮೇಲೆ ಸಿಟ್ಟು ಬಂತು. ಅಮ್ಮನ ಮಣೆ ವಾಲಿದ್ದು ಕಾಲು ಮುರಿದಿದ್ದಕ್ಕೆ! ವಿದ್ಯೆಯ ಜೊತೆ ಊನವನ್ನೂ ಹೊತ್ತೊಯ್ದಿದ್ದಾನೆ. ಇದು ನಮ್ಮ ಅಮ್ಮನ ವಿದ್ಯೆ ಎಂದು ಎದ್ದು ಹೇಳಿದೆ. ಮಗನ ಮಾತೊಂದೇ ಸಾಲದು, ಇನ್ನೊಂದು ಸಾಕ್ಷಿ ತನ್ನಿ ಎಂದರು.

ಅಮ್ಮ ಮಾತ್ರ "ಪದಕ ಅವನೇ ಇಟ್ಕಳ್ಳಿ. ನನ್ ಪೇರ್ ಒಂದ್ಸಲ ಹೇಳ್ಬೋದಿತ್ತಲ್ಲ" ಎಂದು ಮುಖ ತಿರುಗಿಸಿದಳು. ಈ ಕಣಿವೆಯಲ್ಲಿ ಎಷ್ಟು ನೇಗಿಲು ಅವಳ ಬೂದಿಯಿಂದ ಹರಿತವಾದ ಉಳಿಯಲ್ಲಿ ಹುಟ್ಟಿವೆ! ಓಚ್ಚಮ್ಮಾಳ್ ಎಂಬ ಆ ಹೆಸರನ್ನು ದಿಂಡಿಗಲ್ಲಿನಲ್ಲಿ ಹೇಳಿಸದೆ ಬಿಡುವವನಲ್ಲ ನಾನು.

ನಿನ್ನ ಉಳಿಯೂ ಮೈಯೂ ಚೆನ್ನಾಗಿರಲಿ. ಅಮ್ಮನ ಆಶೀರ್ವಾದ ಈ ಕಾಗದದಲ್ಲೇ ಇದೆ, ಮೂಲೆಯಲ್ಲಿರುವುದು ಅವಳ ಎಣ್ಣೆಗೈಯ ಗುರುತು.

ನಿನ್ನ ಅಣ್ಣ,
ಚಿನ್ನಸಾಮಿ

ಮರೆತಿದ್ದೆ, ಟಪಾಲಿನವನು ಬಾಗಿಲಲ್ಲಿದ್ದಾನೆ: ಆ ಮಣೆಯ ಮೇಲೆ ಹಾರಿ ಅದರ ಕಾಲು ಮುರಿದವನು ನೀನು. ಎಮ್ಮೆ ತುಳಿಯಿತೆಂದು ನೀನು ಅಪ್ಪನಿಗೆ ಸುಳ್ಳು ಹೇಳಿದೆ, ನಾನು ನೋಡಿದ್ದೆ. ಅಪ್ಪ ಈಗಿಲ್ಲ, ಏಟು ಬೀಳುವುದಿಲ್ಲ. ಯಾವಾಗ, ಹೇಗೆ ಮುರಿದೆ ಎಂದು ಬರೆದು ಸಹಿ ಹಾಕಿ ಪಂಗುನಿ ತಿಂಗಳೊಳಗೆ ಕಳಿಸು. ಅದನ್ನೂ ಮಣೆಯನ್ನೂ ತೀರ್ಪುಗಾರರ ಮುಂದಿಡುತ್ತೇನೆ. ಮೇಸ್ತ್ರಿ ಎಲ್ಲರೆದುರು ಉತ್ತರ ಕೊಡಲಿ: ನಮ್ಮ ಮಣೆಯ ಕಾಲು ನನ್ನ ತಮ್ಮ ಮುರಿದ, ನಿನ್ನದನ್ನು ಯಾರು ಮುರಿದರು?