ಎಟುಕದ ಬ್ರೇಕು

ಸಾಂತಿಯಾಗೊ, ಕ್ಯೂಬಾ
ಮಾರ್ಚ್ ೧೪, ೧೯೯೪

ಪ್ರೀತಿಯ ಮಿಗ್ದಾಲಿಯಾ,

ನಿನ್ನ ಕಾಗದ ಕೈಸೇರಿ ಹನ್ನೆರಡು ದಿನವಾಯಿತು. ನೀನು ಮಾನ್ಸಾನಿಯೊದಲ್ಲಿ ಕ್ಷೇಮವಾಗಿದ್ದೀಯ, ಚಿಕ್ಕಮ್ಮನ ಕೆಮ್ಮು ಇಳಿದಿದೆ, ವಾರಕ್ಕೊಮ್ಮೆಯಾದರೂ ಮೀನು ಸಿಗುತ್ತಿದೆ ಎಂದು ಓದಿ ಸಮಾಧಾನವಾಯಿತು. ಇಲ್ಲಿ ನಾನೂ ಇದ್ದೇನೆ. ಕರೆಂಟು ದಿನಕ್ಕೆ ಎಂಟು ಗಂಟೆ ಇರುವುದಿಲ್ಲ. ಅಂಗಳದ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ನಿನ್ನ ತಮ್ಮ ಎವೇಲಿಯೊನ ಶಾಲೆಯ ನೋಟ್‌ಪುಸ್ತಕಗಳನ್ನು ನೀನು ಕೇಳಿದಂತೆ ಬಟ್ಟೆಯಲ್ಲಿ ಸುತ್ತಿ, ಈ ಕಾಗದ ತರುವವರ ಕೈಯಲ್ಲೇ ಕಳಿಸುತ್ತಿದ್ದೇನೆ. ಹನ್ನೊಂದು ಇವೆ. ಕೊನೆಯದರಲ್ಲಿ ಅರ್ಧ ಖಾಲಿ.

ದೋಣಿ ರಿಪೇರಿ ಮಾಡುವಲ್ಲಿ ಲೇತ್ ಕೆಲಸ ಬಲ್ಲವನೊಬ್ಬ ಬೇಕಾಗಿದ್ದಾನೆ, ನಿನ್ನ ಹೆಸರು ಹೇಳಿಟ್ಟಿದ್ದೇನೆ, ಬಂದುಬಿಡು ಎಂದು ಬರೆದಿದ್ದೀಯ. ಒಂದೇ ದುಃಖವನ್ನು ಇಬ್ಬರೂ ಎರಡು ಊರಲ್ಲಿ ಇಟ್ಟುಕೊಂಡು ಯಾಕೆ ಬದುಕಬೇಕು ಎಂದೂ ಕೇಳಿದ್ದೀಯ. ಆ ಸಾಲು ಓದಿದ ದಿನವೇ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಎರಡು ಷರ್ಟು ಹಾಕಿದೆ. ಅದರ ಕೆಳಗಿನ ಸಾಲು ಓದಿ ಮತ್ತೆ ತೆಗೆದಿಟ್ಟೆ. ಅಲ್ಲಿ ನೀನು ಬರೆದಿರುವುದು ಇಷ್ಟೇ: ಇಲ್ಲಿನ ನೆಂಟರಿಗೆಲ್ಲ ಹೇಳಿದ್ದೇನೆ, ನನ್ನ ಗಂಡ ಆ ಬ್ರೇಕಿಗಾಗಿ ಹುಡುಕದ ಮನೆಯಿಲ್ಲ, ಕೇಳದ ಮನುಷ್ಯನಿಲ್ಲ, ಅವನ ಮೇಲೆ ಯಾರೂ ಒಂದು ಮಾತು ಆಡಬೇಡಿ ಎಂದು.

ಹಾಗೆ ಹೇಳಬೇಡ, ಮಿಗ್ದಾಲಿಯಾ. ಯಾಕೆ ಎಂದು ಹೇಳಲು ಈ ಕಾಗದ.

ಹೋದ ಆಗಸ್ಟಿನ ದಿನಗಳು ನಿನಗೂ ನೆನಪಿವೆ. ಡೀಸೆಲ್ ಇಲ್ಲದೆ ಬಸ್ಸುಗಳು ಪೂರ್ತಿ ನಿಂತವು. ಎವೇಲಿಯೊಗೆ ಘಾಟಿಯ ಆಚೆಗಿನ ಶಾಲೆಯಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿತು. ಅವನ ಸೈಕಲ್ಲಿನ ಇಪ್ಪತ್ತೆಂಟು ಇಂಚಿನ ಟಯರುಗಳು ನೂಲು ಬಿಟ್ಟಿದ್ದವು. ಆ ಅಳತೆಯ ಟಯರು ಊರಲ್ಲೇ ಇರಲಿಲ್ಲ. ಹೊಲಿದೆವು, ಒಳಗೆ ಚರ್ಮದ ಪಟ್ಟಿ ಇಟ್ಟೆವು, ಒಂದು ವಾರ ಬಂತು. ಆಮೇಲೆ ಬಂದರಿನಲ್ಲಿ ಕೆಲಸ ಮಾಡುವ ಒಬ್ಬನಿಗೆ ನನ್ನ ಕೈಗಡಿಯಾರ ಕೊಟ್ಟು ಇಪ್ಪತ್ತಾರು ಇಂಚಿನ ಎರಡು ಚಕ್ರ ತಂದೆ, ಟಯರು ಸಮೇತ. ಆವತ್ತು ನೀನು ಖುಷಿಯಲ್ಲಿ ಬಾಳೆಕಾಯಿ ಕರಿದಿದ್ದೆ.

ಚಕ್ರ ಫ್ರೇಮಿನಲ್ಲಿ ಕೂತಿತು, ತಿರುಗಿತು. ಬ್ರೇಕು ಮಾತ್ರ ಎಟುಕಲಿಲ್ಲ. ಚಕ್ರ ಚಿಕ್ಕದಾದ್ದರಿಂದ ರಿಮ್ಮು ಎರಡು ಬೆರಳು ಕೆಳಗಿಳಿದಿತ್ತು. ಬ್ರೇಕಿನ ತೋಳು ಹಳೆಯ ಉದ್ದದ್ದೇ. ಹಿಡಿ ಒತ್ತಿದರೆ ರಬ್ಬರಿನ ಗುಂಡಿಗಳು ರಿಮ್ಮನ್ನು ಬಿಟ್ಟು ಟಯರಿನ ಪಕ್ಕಕ್ಕೆ ಉಜ್ಜುತ್ತಿದ್ದವು. ಹಾಗೇ ಓಡಿಸಿದರೆ ಕಷ್ಟಪಟ್ಟು ತಂದ ಟಯರು ಹದಿನೈದು ದಿನಕ್ಕೆ ಹರಿಯುತ್ತಿತ್ತು, ಇಳಿಜಾರಿನಲ್ಲಿ ಅದು ಹಿಡಿಯುವುದೂ ಇಲ್ಲ. ಉದ್ದ ತೋಳಿನ ಒಂದು ಜೊತೆ ಬ್ರೇಕು ಬೇಕಿತ್ತು. ಬೇಕಾಗಿದ್ದದ್ದು ಅಷ್ಟೇ.

ಹುಡುಕಿದ್ದು ನಿಜ. ಪಂಕ್ಚರ್ ಹಾಕುವ ಎಲ್ಲರ ಹತ್ತಿರ ಹೋದೆ. ಹೊಸ ಬ್ರೇಕುಗಳೆಲ್ಲ ಮೋಟು ತೋಳಿನವು. ಒಬ್ಬ ತನ್ನ ಡಬ್ಬಿಯನ್ನೇ ನನ್ನ ಮುಂದೆ ಸುರಿದು, ಇದರಲ್ಲಿ ನಿನಗೆ ಬೇಕಾದ್ದು ಸಿಕ್ಕರೆ ನನಗೂ ಒಂದು ಹುಡುಕಿಕೊಡು ಎಂದು ನಕ್ಕ. ಕೊನೆಗೆ ನಾನೇ ಮುರಿದ ಮಂಚದ ಕಬ್ಬಿಣದ ಪಟ್ಟಿ ಕತ್ತರಿಸಿ, ತೂತು ಕೊರೆದು, ಹಳೆಯ ತೋಳುಗಳಿಗೆ ಬೋಲ್ಟು ಹಾಕಿ ಉದ್ದ ಮಾಡಿದೆ. ಅಂಗಳದಲ್ಲಿ ನಿನ್ನ ಮುಂದೆ ಹಿಡಿ ಒತ್ತಿ ತೋರಿಸಿದೆ. ಚಕ್ರ ನಿಂತಿತು. ಸಮತಟ್ಟು ರಸ್ತೆಯಲ್ಲಿ ನಿಲ್ಲುತ್ತಿತ್ತು. ಜೋರಾಗಿ ಒತ್ತಿದರೆ ಪಟ್ಟಿ ತಿರುಚಿಕೊಂಡು ಗುಂಡಿ ಮೇಲಕ್ಕೆ ಜಾರುತ್ತದೆ ಎಂದು ನನಗೆ ಆವತ್ತೇ ಗೊತ್ತಿತ್ತು. ಮೂವತ್ತು ವರ್ಷ ಕಬ್ಬಿಣ ಹಿಡಿದ ಕೈ ಇದು. ಎವೇಲಿಯೊಗೂ ಹೇಳಿದ್ದೆ: ಹತ್ತುವಾಗ ಹೇಗೂ ತಳ್ಳಿಕೊಂಡೇ ಹೋಗುತ್ತೀಯ, ಇಳಿಯುವಾಗಲೂ ಇಳಿದು ನಡಿ, ಒಳ್ಳೆ ಬ್ರೇಕು ಸಿಗುವವರೆಗೆ. ಅವನು ನಡೆಯುತ್ತಿದ್ದ. ಸಕ್ಕರೆ ನೀರು ಕುಡಿದು ಹೋದ ಹುಡುಗ ಎರಡು ಗಂಟೆ ಹೆಚ್ಚಿಗೆ ನಡೆದು ಕತ್ತಲಾಗುವಾಗ ಮನೆ ಸೇರುತ್ತಿದ್ದ. ನೀನು ಅವನ ಕಾಲು ಬಿಸಿನೀರಿನಲ್ಲಿ ಇಡುತ್ತಿದ್ದೆ.

ಇಲ್ಲಿಯವರೆಗೆ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಇನ್ನು ಮುಂದಿನದು.

ಅಕ್ಟೋಬರ್ ಮೊದಲ ವಾರದಲ್ಲಿ ಬ್ರೇಕು ಸಿಕ್ಕಿತು.

ಸಿಕ್ಕಿದ್ದು ಬಾಲ್ದೊಮೇರೊ ಮನೆಯಲ್ಲಿ. ನಾವು ಹೊಸದಾಗಿ ಮದುವೆಯಾದಾಗ ವರ್ಕ್‌ಶಾಪಿನಲ್ಲಿ ನನ್ನ ಪಕ್ಕದ ಲೇತಿನಲ್ಲಿ ಕೆಲಸ ಮಾಡುತ್ತಿದ್ದನಲ್ಲ, ಅಗಲ ಕಿವಿಯ ಮನುಷ್ಯ, ನಮ್ಮ ಮದುವೆಗೆ ಕೋಳಿ ತಂದವನು, ಅವನೇ. ಹಳೆಯ ಕಾಲದ ಒಂದು ಸೈಕಲ್ಲಿನ ಬ್ರೇಕು ಅವನ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕಣ್ಣಳತೆಯಲ್ಲೇ ಗೊತ್ತಾಯಿತು. ಆದರೂ ತೆಗೆದು ಅಳೆದೆ. ಬೋಲ್ಟಿನಿಂದ ಗುಂಡಿಯವರೆಗೆ ನಮಗೆ ಬೇಕಾದಷ್ಟು ಉದ್ದ, ಒಂದು ಕೂದಲು ಹೆಚ್ಚೇ.

ಏನು ಬೇಕು ಎಂದು ಕೇಳಿದೆ. ಅವನಿಗೆ ಸಾಬೂನು ಬೇಕಿರಲಿಲ್ಲ, ಅಕ್ಕಿ ಬೇಕಿರಲಿಲ್ಲ. ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿ ನಿಧಾನವಾಗಿ ಹೇಳಿದ:

“ಆ ವರ್ನಿಯರ್ ನಾನು ಕದೀಲಿಲ್ಲ ಕಣೋ ರಿಗೋಬೆರ್ತೊ. ವರ್ಕ್‌ಶಾಪಿಗೆ ಹೋಗು. ನಾಲ್ಕು ಜನರ ಮುಂದೆ ನಿಂತು ಅಷ್ಟು ಹೇಳು. ಹೇಳಿ ಬಂದು ಇದನ್ನ ತಗೊಂಡು ಹೋಗು.”

ಮಿಗ್ದಾಲಿಯಾ, ಆ ಕಥೆ ನಿನಗೆ ನಾನು ಬೇರೆ ಥರ ಹೇಳಿದ್ದೆ. ಎಂಬತ್ತಮೂರರಲ್ಲಿ, ಕೂದಲೆಳೆಯಷ್ಟನ್ನೂ ಅಳೆಯುವ ವರ್ಕ್‌ಶಾಪಿನ ಒಳ್ಳೆಯ ವರ್ನಿಯರ್ ಕಾಣೆಯಾಯಿತು. ಕೊನೆಯ ಸಲ ಅದನ್ನು ಪಡೆದವನೆಂದು ಪುಸ್ತಕದಲ್ಲಿ ಇದ್ದದ್ದು ನನ್ನ ಹೆಸರು. ಮೇಸ್ತ್ರಿ ಕೇಳಿದಾಗ ನಾನು ಹೆದರಿ, ಬಾಲ್ದೊಮೇರೊ ನನ್ನ ಮೇಜಿನ ಹತ್ತಿರ ಓಡಾಡುತ್ತಿದ್ದ ಎಂದೆ. ಅಷ್ಟೇ ಹೇಳಿದ್ದು, ಕದ್ದ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಅಷ್ಟೇ ಸಾಕಾಯಿತು. ಅವನನ್ನು ಲೇತಿನಿಂದ ತೆಗೆದು ಅಂಗಳದಲ್ಲಿ ತುಕ್ಕು ಕೆರೆಯಲು ಹಾಕಿದರು. ಮೂರು ತಿಂಗಳಿಗೆ ಅವನೇ ಕೆಲಸ ಬಿಟ್ಟ. ಮುಂದಿನ ವರ್ಷ ನನ್ನ ಲೇತನ್ನು ಜಾಗ ಬದಲಿಸುವಾಗ ವರ್ನಿಯರ್ ಅದರ ತಟ್ಟೆಯ ಹಿಂದೆ ಎಣ್ಣೆ ಕೆಸರಿನಲ್ಲಿ ಬಿದ್ದಿತ್ತು. ನಾನೊಬ್ಬನೇ ನೋಡಿದೆ. ಚಿಂದಿಯಲ್ಲಿ ಸುತ್ತಿ ಮನೆಗೆ ಬರುವ ದಾರಿಯಲ್ಲಿ ಸಮುದ್ರಕ್ಕೆ ಎಸೆದೆ. ಮನೆಗೆ ಬಂದು ಊಟ ಮಾಡಿದೆ. ನೀನು ಬಡಿಸಿದೆ. ಎವೇಲಿಯೊ ಆಗ ಹದಿಮೂರರ ಹುಡುಗ, ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದ.

ಬಾಲ್ದೊಮೇರೊಗೆ ಆ ವರ್ನಿಯರ್ ಸಿಕ್ಕಿದ ವಿಷಯ ಗೊತ್ತಿರಲಿಲ್ಲ. ತಾನು ಕದ್ದಿಲ್ಲ ಎನ್ನುವುದಷ್ಟೇ ಅವನಿಗೆ ಗೊತ್ತಿದ್ದದ್ದು. ಅವನು ಕೇಳಿದ್ದು ಒಂದು ಮಾತು. ನಾನು ಅಷ್ಟರಲ್ಲಿ ಮೇಸ್ತ್ರಿಯಾಗಿದ್ದೆ, ಹುಡುಗರು ನನ್ನನ್ನು ಗುರುಗಳೇ ಎನ್ನುತ್ತಿದ್ದರು. ಯೋಚನೆ ಮಾಡುತ್ತೇನೆ ಎಂದು ಬಾಗಿಲು ದಾಟಿ ಬಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಸೋಮವಾರ ಕರೆಂಟು ಇರಲಿಲ್ಲ, ಜನ ಬಂದಿರಲಿಲ್ಲ. ಅದು ನನಗೆ ಒಳ್ಳೆಯ ನೆಪವಾಯಿತು. ಮಂಗಳವಾರ ಎಲ್ಲರೂ ಇದ್ದರು. ನಾನು ಎದ್ದು ನಿಂತೆ, ನೀರು ಕುಡಿದೆ, ಕೂತೆ. ಹೀಗೆ ಎರಡು ವಾರ ಹೋಯಿತು. ನೀನು ದಿನಾ ಸಂಜೆ ಕೇಳುತ್ತಿದ್ದೆ, ಬ್ರೇಕು ಸಿಕ್ಕಿತಾ ಎಂದು. ನಾನು ಇಲ್ಲ ಎನ್ನುತ್ತಿದ್ದೆ.

ಇಪ್ಪತ್ತೊಂದನೇ ತಾರೀಖು ಮಧ್ಯಾಹ್ನದಿಂದ ಮಳೆ. ಎವೇಲಿಯೊ ಆವತ್ತು ಇಳಿಜಾರಿನಲ್ಲಿ ಯಾಕೆ ನಡೆಯಲಿಲ್ಲ ಎಂದು ನೀನು ನೂರು ಸಲ ಕೇಳಿದೆ. ದಣಿದಿದ್ದನೋ, ನೆನೆದು ಚಳಿಯಾಗಿತ್ತೋ, ನನಗೆ ಗೊತ್ತಿಲ್ಲ. ಮೂರನೇ ತಿರುವಿನಲ್ಲಿ ಲಾರಿ ಕೆಟ್ಟು ನಿಂತಿತ್ತು. ನಿನಗೆ ತೋರಿಸಬೇಡ ಎಂದು ಸೈಕಲ್ಲನ್ನು ನನ್ನ ಕೈಗೇ ಕೊಟ್ಟರು. ನಾನು ಮೊದಲು ನೋಡಿದ್ದು ಬ್ರೇಕನ್ನು. ನನ್ನ ಎರಡೂ ಪಟ್ಟಿ ತಿರುಚಿಕೊಂಡಿದ್ದವು. ಗುಂಡಿಗಳು ಟಯರಿನ ಮೇಲೆ ಕೂತಿದ್ದವು. ಅಂದರೆ ಅವನು ಶಕ್ತಿಯಿದ್ದಷ್ಟೂ ಒತ್ತಿದ್ದ.

ಆ ಪಟ್ಟಿಗಳನ್ನು ಯಾರೂ ನೋಡುವ ಮೊದಲೇ ಬಿಚ್ಚಿ ತೆಗೆದೆ. ಇದನ್ನೂ ಬರೆಯುತ್ತಿದ್ದೇನೆ.

ಎವೇಲಿಯೊನ ಆತ್ಮಕ್ಕಾಗಿ ಮಾಡಿದ ಒಂಬತ್ತು ದಿನದ ಪ್ರಾರ್ಥನೆಗೆ ಬಂದವರಲ್ಲಿ ಬಾಲ್ದೊಮೇರೊನೂ ಇದ್ದ. ಬಾಗಿಲ ಹತ್ತಿರ ಟೋಪಿ ಹಿಡಿದು ನಿಂತಿದ್ದ. ನೀನು ಅವನಿಗೂ ಅದನ್ನೇ ಹೇಳಿದೆ: ಪಾಪ, ನನ್ನ ಗಂಡ ಊರೆಲ್ಲಾ ಹುಡುಕಿದ, ಎಲ್ಲೂ ಸಿಗಲಿಲ್ಲ. ಅವನು ನನ್ನ ಕಡೆ ನೋಡಿದ. ನಿನ್ನ ಕೈ ಹಿಡಿದು, ಹೌದಮ್ಮ ಎಂದ. ಅವನು ಆವತ್ತು ಬಾಯಿ ಬಿಟ್ಟಿದ್ದರೆ ನನಗೆ ಒಳ್ಳೆಯದಿತ್ತು. ಆಮೇಲೆ ನೀನು ಆ ರಸ್ತೆ ಕಣ್ಣಿಗೆ ಬೀಳದ ಊರು ಬೇಕು ಎಂದು ಹೊರಟೆ. ನಾನು ತಡೆಯಲಿಲ್ಲ. ನನ್ನ ದುಃಖ ದೊಡ್ಡದು, ಅದಕ್ಕೇ ಮಾತಿಲ್ಲ ಎಂದು ನೀನು ತಿಳಿದುಕೊಂಡೆ.

ನಿನ್ನ ಕಾಗದ ಬಂದ ಮೇಲೆ, ಹೋದ ಗುರುವಾರ, ವರ್ಕ್‌ಶಾಪಿನಲ್ಲಿ ಹೇಳಿದೆ. ಊಟದ ಹೊತ್ತು. ಆರು ಜನ ಇದ್ದರು. ವರ್ನಿಯರ್ ಬಾಲ್ದೊಮೇರೊ ಕದ್ದಿರಲಿಲ್ಲ, ನನ್ನ ಲೇತಿನ ಹಿಂದೆಯೇ ಬಿದ್ದಿತ್ತು, ನಾನು ನೋಡಿಯೂ ಬಚ್ಚಿಟ್ಟೆ ಎಂದೆ. ಆಮೇಲೆ ಒಬ್ಬ, ಯಾವ ಬಾಲ್ದೊಮೇರೊ ಎಂದು ಪಕ್ಕದವನನ್ನು ಕೇಳಿದ. ಅವನಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಕಾಲದವರು ಯಾರೂ ಉಳಿದಿಲ್ಲ, ನಾನೊಬ್ಬನೇ. ಅವರು ಮತ್ತೆ ಊಟಕ್ಕೆ ಕೂತರು. ನಾನು ಮೇಸ್ತ್ರಿ ಕೆಲಸ ಬೇಡ ಎಂದು ಬರೆದುಕೊಟ್ಟು ಹೊರಬಿದ್ದೆ.

ಅಲ್ಲಿಂದ ಬಾಲ್ದೊಮೇರೊ ಮನೆಗೆ ಹೋದೆ. ಹೇಳಿದ್ದನ್ನು ಹೇಳಿದೆ, ವರ್ನಿಯರ್ ಸಮುದ್ರಕ್ಕೆ ಎಸೆದದ್ದನ್ನೂ ಸೇರಿಸಿ. ಅವನು ಬೈಯಲಿಲ್ಲ. ಎದ್ದು ಮೊಳೆಯಿಂದ ಬ್ರೇಕು ಬಿಚ್ಚಿ ನನ್ನ ಮಡಿಲಲ್ಲಿ ಇಟ್ಟ.

“ನಾನಾದ್ರೂ ಕೊಡಬಹುದಿತ್ತು,” ಎಂದ. “ಹಟಕ್ಕೆ ಬಿದ್ದೆ. ಅದನ್ನ ಮೊಳೆಗೆ ಹಾಕ್ಕೊಂಡು ನಾನು ಏನು ಮಾಡ್ತಿದ್ದೆ ಹೇಳು.”

ಅವನ ಹೆಂಡತಿ ಬಟಾಣಿ ಹುರಿದು ಬೆರೆಸಿದ ಕಾಫಿ ತಂದಿಟ್ಟಳು. ಕುಡಿಯಲಾಗಲಿಲ್ಲ.

ಬ್ರೇಕನ್ನು ಸೈಕಲ್ಲಿಗೆ ಹಾಕಿ ನೋಡಿದೆ. ನನಗೆ ತಡೆಯಲಾಗಲಿಲ್ಲ. ಸರಿಯಾಗಿ ಕೂತಿತು. ಹಿಡಿ ಒತ್ತಿದರೆ ಗುಂಡಿಗಳು ರಿಮ್ಮಿನ ಮೇಲೆ ನೇರ ಬಂದು ಹಿಡಿಯುತ್ತವೆ. ಅಷ್ಟು ನೋಡಿ ಅಂಗಳದಲ್ಲೇ ಕೂತುಬಿಟ್ಟೆ. ಮರುದಿನ ಸೈಕಲ್ಲನ್ನು ಘಾಟಿಯ ಆಚೆಗಿನ ಶಾಲೆಗೆ ತಳ್ಳಿಕೊಂಡು ಹೋಗಿ ಕೊಟ್ಟು ಬಂದೆ. ಎವೇಲಿಯೊನ ಜಾಗಕ್ಕೆ ಬಂದಿರುವ ಮೇಡಂ ನಡೆದು ಬರುತ್ತಾರಂತೆ. ಬ್ರೇಕು ಚೆನ್ನಾಗಿದೆಯಾ ಎಂದು ಅವರು ಮೊದಲು ಕೇಳಿದರು. ಚೆನ್ನಾಗಿದೆ ಎಂದೆ.

ಇಷ್ಟು ಬರೆದದ್ದು ನೀನು ಕ್ಷಮಿಸಲಿ ಎಂದಲ್ಲ. ಏಳು ವರ್ಷದ ತಮ್ಮನ ಕೈ ಹಿಡಿದು ನನ್ನ ಮನೆಗೆ ಬಂದವಳು ನೀನು. ನಮಗೆ ಬೇರೆ ಮಕ್ಕಳಾಗಲಿಲ್ಲ, ಅವನಿದ್ದಾನಲ್ಲ ಎಂದೆ ನೀನು. ನಾನು ಮಾನ್ಸಾನಿಯೊಗೆ ಬಂದು ನಿನ್ನ ಪಕ್ಕ ಕೂತು, ನಿನ್ನ ಬಾಯಿಂದ ದಿನವೂ ‘ಪಾಪ, ಊರೆಲ್ಲಾ ಹುಡುಕಿದ’ ಎಂಬುದನ್ನು ಕೇಳುತ್ತಾ ಬದುಕಲಾರೆ. ಸುಳ್ಳು ಇಟ್ಟುಕೊಂಡು ಬರಬಹುದಿತ್ತು. ನಿಜ ಹೇಳುತ್ತೇನೆ, ಐದು ದಿನ ಅದನ್ನೇ ಯೋಚಿಸಿದೆ. ಈಗ ಬರೆದಾಯಿತು. ದೋಣಿ ಕೆಲಸದವರಿಗೆ, ಅವನು ಬರುವುದಿಲ್ಲ ಎಂದು ಹೇಳಿಬಿಡು. ನೆಂಟರಿಗೆ ಏನು ಹೇಳಬೇಕೆಂದು ನಿನಗೆ ಬಿಟ್ಟದ್ದು. ಉತ್ತರ ಬರೆಯಬೇಕಾಗಿಲ್ಲ. ಚಿಕ್ಕಮ್ಮನ ಎದೆಗೆ ಬಿಸಿ ಎಣ್ಣೆ ಹಚ್ಚು.

ನಿನ್ನವನು ಎಂದು ಬರೆಯಲು ಕೈ ಬಾರದ,
ರಿಗೋಬೆರ್ತೊ

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಬಾಲ್ದೊಮೇರೊ ಆವತ್ತು ಇನ್ನೊಂದು ಮಾತು ಹೇಳಿದ. ಸಾಯುವ ಎರಡು ದಿನ ಮೊದಲು ಎವೇಲಿಯೊ ತಾನೇ ಅವನ ಮನೆಗೆ ಬ್ರೇಕು ಕೇಳಿಕೊಂಡು ಹೋಗಿದ್ದನಂತೆ. ಪಂಕ್ಚರ್ ಅಂಗಡಿಯಲ್ಲಿ ಯಾರೋ ವಿಳಾಸ ಹೇಳಿದ್ದರು. ‘ನಿನ್ನ ಭಾವ ಆಗಲೇ ಬಂದಿದ್ದ, ಏನು ಕೊಡಬೇಕೆಂದು ಅವನಿಗೆ ಗೊತ್ತು’ ಎಂದು ಬಾಲ್ದೊಮೇರೊ ಎಲ್ಲವನ್ನೂ ಬಿಡಿಸಿ ಹೇಳಿದನಂತೆ. ಎವೇಲಿಯೊ ಥ್ಯಾಂಕ್ಸ್ ಹೇಳಿ ಎದ್ದು ಬಂದನಂತೆ. ಅಂದರೆ ಅವನಿಗೆ ಗೊತ್ತಿತ್ತು, ಮಿಗ್ದಾಲಿಯಾ. ಇಪ್ಪತ್ತೊಂದರ ಬೆಳಿಗ್ಗೆ ನೀನು ರೇಷನ್ ಸಾಲಿಗೆ ಹೋಗಿದ್ದೆ, ನಾವಿಬ್ಬರೇ ಇದ್ದೆವು. ಅವನು ಕಾಫಿ ಕುಡಿಯುತ್ತಾ ಕೇಳಿದ: “ಭಾವ, ಬ್ರೇಕು ಎಲ್ಲೂ ಸಿಗಲಿಲ್ವಾ?” ನಾನು ಇಲ್ಲ ಎಂದೆ. ಅವನು ನನ್ನ ಮುಖ ನೋಡಿದ. ಲೋಟ ತೊಳೆದು ಬೋರಲು ಹಾಕಿ, ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟ. “ಇರ್ಲಿ ಬಿಡಿ ಭಾವ. ಅಕ್ಕನಿಗೆ ಏನೂ ಹೇಳಬೇಡಿ, ನಾನು ಹುಷಾರಾಗಿ ಇಳೀತೀನಿ,” ಎಂದ.