ಇಬ್ರಿಯರಿಗೆ ಬರೆದವರು ಯಾರು

ತಂಗೀ,

ಇದನ್ನು ಓದಲು ನೀನಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಬೈಬಲ್ ತರಗತಿಯಲ್ಲಿ, ಬೈಬಲಿನಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆ, ಅಂದರೆ ಆ ಪತ್ರ, ಯಾರದ್ದು ಎಂದು ದೊಡ್ಡ ಜಗಳವೇ ಆಯಿತು. ಸಂತ ಪೌಲನದೇ ಎಂದು ಮುದಿ ಮೇಷ್ಟ್ರು ಪಟ್ಟು ಹಿಡಿದರು. ಬಟ್ಟೆ ಹೊಲಿಯುವ ಟೈಲರ್ ಬಿಡಲಿಲ್ಲ. "ಪೌಲ ಎಲ್ಲಾ ಪತ್ರಕ್ಕೂ ತನ್ನ ಹೆಸರು ಹಾಕಿದಾನೆ. ಇದೊಂದಕ್ಕೆ ಮರೆತುಬಿಟ್ನಾ?" ಎಂದ.

ನಾನು ನನ್ನ ಹಳೇ ಬೈಬಲ್ ಎತ್ತಿ ಹಿಡಿದೆ. "ಇಲ್ನೋಡಿ, ಮೇಲೇ ಅಚ್ಚು ಹಾಕಿದಾರೆ, ಪೌಲ ಬರೆದದ್ದು ಅಂತ. ಕಣ್ಣಿಲ್ವಾ ನಿಮಗೆ?"

ಪಾಸ್ಟರು ನಕ್ಕರು. "ಅಜ್ಜೀ, ಆ ತಲೆಬರಹ ಆಮೇಲೆ ಸೇರಿಸಿದ್ದು. ಪತ್ರದ ಒಳಗೆ ಹೆಸರೇ ಇಲ್ಲ. ಯಾರು ಬರೆದ್ರು ಅಂತ ಯಾರಿಗೂ ಖಚಿತ ಇಲ್ಲ."

ಇದೇ ಮಾತನ್ನು ನೀನು ಕಾಲೇಜಿನಿಂದ ಬಂದು ನನ್ನ ಅಡುಗೆಮನೆಯಲ್ಲಿ ಹೇಳಿದ್ದೆ. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟ ನಾನು ಅದೇ ತಲೆಬರಹ ತೋರಿಸಿ, ದೇವರ ವಾಕ್ಯವನ್ನೇ ಸುಳ್ಳೆನ್ನುವವಳು ನನ್ನ ಹೊಸ್ತಿಲು ತುಳಿಯಬಾರದು ಎಂದಿದ್ದೆ. ನೀನೂ ಹಟಮಾರಿ, ತುಳಿಯಲೇ ಇಲ್ಲ.

ಇವತ್ತು ಎದ್ದು ನಿಂತು, "ನನ್ನ ತಂಗಿ ನಲವತ್ತು ವರ್ಷದ ಹಿಂದೇನೇ ಇದನ್ನ ಹೇಳಿದ್ಲು. ಆಗ ನೀವೆಲ್ಲ ಎಲ್ಲಿದ್ರಿ?" ಎಂದೆ. ಟೈಲರ್ ಚಪ್ಪಾಳೆ ತಟ್ಟಿದ.

"ಹಾಗಾದ್ರೆ ಒಂದು ಭಾನುವಾರ ಅವರನ್ನೂ ಕರ್ಕೊಂಡು ಬನ್ನಿ ಅಜ್ಜೀ" ಎಂದರು ಪಾಸ್ಟರು.

"ಅವಳಿಗೆಲ್ಲಿ ಪುರುಸೊತ್ತು" ಎಂದೆ.

ನೀನು ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಹೇಳಲಿಲ್ಲ. ಹೇಳಿದ್ದರೆ, ಮಣ್ಣಿಗೆ ಹೋಗಿದ್ದಿರಾ ಎಂದು ಕೇಳುತ್ತಿದ್ದರು.